ತಮ್ಮ ಶ್ರದ್ಧಾಂಜಲಿಯನ್ನು ತಾವೇ ತಿದ್ದಿದ ಸಂಪಾದಕರು

"ಒಂದು ತಪ್ಪು ಬರೆದು ಕೊಡಿ," ಎಂದಳು ಚಿಕ್ಕಮ್ಮ. "ನೋಡಿದ ಕೂಡಲೇ ಕೈ ತುರಿಸೋ ಹಾಗಿರಬೇಕು."

ಉಪಸಂಪಾದಕ ಕನ್ನಡಕ ತೆಗೆದು ಅವಳ ಮುಖ ನೋಡಿದ. 'ನೆಲಗಟ್ಟು' ಪತ್ರಿಕೆ ಅಂತರ್ಜಾಲಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಆ ಮೂರನೆಯ ಮಹಡಿಯ ಕಚೇರಿಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿರಲಿಲ್ಲ.

"ಎಲ್ಲಿಗೆ?"

"ನಿಮ್ಮ ಸಂಪಾದಕರ ಶ್ರದ್ಧಾಂಜಲಿಗೆ."

ಸಂಪಾದಕರು ಸತ್ತು ಒಂಬತ್ತು ದಿನವಾಗಿತ್ತು. ಸತ್ತ ಮೇಲೂ ಅವರು ತಮ್ಮ ಶ್ರದ್ಧಾಂಜಲಿಯನ್ನು ಎರಡು ಸಲ ತಿದ್ದಿದ್ದರು.

ಮೊದಲನೆಯದು ನಾಲ್ಕು ದಿನದ ಹಿಂದೆ. 'ತಮ್ಮ ಮನೆಯ ಓದುವ ಕೋಣೆಯಲ್ಲಿ ಪತ್ರಿಕೆ ಆರಂಭಿಸಿದರು' ಎಂದು ಉಪಸಂಪಾದಕ ಬರೆದಿದ್ದ ವಾಕ್ಯದ ಮೇಲೆ ಗೆರೆ ಬಿದ್ದು, ಪಕ್ಕದಲ್ಲಿ 'ಅಡುಗೆಮನೆಯಲ್ಲಿ' ಎಂದು ಬಂತು. ಎರಡನೆಯದು ನಿನ್ನೆ. 'ಅಂದೂ ಎಂದಿನಂತೆ ಕಂದು ಕೋಟು ಧರಿಸಿದ್ದರು' ಎಂಬಲ್ಲಿ ಗೆರೆ. 'ಬೂದು ಕೋಟು. ಕಂದು ಕೋಟನ್ನು ಒಗೆಯಲು ಕೊಡಲಾಗಿತ್ತು.' ಎರಡರ ಕೆಳಗೂ ಒಂದೇ ಸಾಲು: ತಿದ್ದಿದವರು, ಸಂಪಾದಕರು.

ಎರಡೂ ನಿಜವಾಗಿದ್ದವು. ಚಿಕ್ಕಮ್ಮನಿಗೆ ಹೆದರಿಕೆ ಹುಟ್ಟಿಸಿದ್ದು ಅದೇ.

ಆ ಅಡುಗೆಮನೆ ಅವಳಿಗೆ ಗೊತ್ತಿತ್ತು. ಸಂಪಾದಕರು ಅವಳ ಭಾವ, ತೀರಿಹೋದ ಅಕ್ಕನ ಗಂಡ. ಮೂವತ್ತು ವರ್ಷ ನ್ಯಾಯಾಲಯದಲ್ಲಿ ಸಾಕ್ಷಿಗಳ ಮಾತನ್ನು ಟೈಪ್ ಮಾಡಿ ನಿವೃತ್ತಳಾದ ಅವಳನ್ನು ಊರಿಡೀ ಚಿಕ್ಕಮ್ಮ ಎಂದೇ ಕರೆಯುತ್ತಿತ್ತು. ಬೆಕ್ಕು ಕಳೆದವರಿಂದ ಹಿಡಿದು ಗಂಡ ಕಳೆದವರವರೆಗೆ ಎಲ್ಲರೂ ಅವಳ ಬಾಗಿಲಿಗೇ ಬರುತ್ತಿದ್ದರು. ಈ ಸಲ ಕಳೆದುಹೋಗುವಂತಿದ್ದದ್ದು ಅವಳ ಸ್ವಂತ ಮಗಳು. ಅಕ್ಕನ ಮಗಳೇ, ಆದರೆ ಒಂಬತ್ತನೆಯ ವಯಸ್ಸಿನಿಂದ ತಲೆ ಬಾಚಿದವಳು, ಜ್ವರ ಬಂದಾಗ ಮಗ್ಗುಲಲ್ಲಿ ಎದ್ದು ಕೂತವಳು ಚಿಕ್ಕಮ್ಮನೇ. ಹೆತ್ತವಳೋ ಸಾಕಿದವಳೋ ಎಂಬ ಲೆಕ್ಕ ಆ ಮನೆಯಲ್ಲಿ ಯಾರೂ ಇಟ್ಟಿರಲಿಲ್ಲ.

ಆ ಮಗಳು ಇಂದು ನಾಲ್ಕು ಗಂಟೆಗೆ ಪೊಲೀಸ್ ಠಾಣೆಯಲ್ಲಿ ಹಾಜರಾಗಬೇಕಿತ್ತು. ಸಂಪಾದಕರ ಚಹಾದ ಲೋಟದಲ್ಲಿ ಅವರ ಹೃದಯದ ಹನಿಮದ್ದು ದಿನದ ಅಳತೆಯ ಐದು ಪಟ್ಟು ಸಿಕ್ಕಿತ್ತು. ಆ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಚಹಾ ತಂದವಳು ಮಗಳು. ತಂದೆಯ ಪತ್ರಿಕೆಯ ವಿರುದ್ಧ ಬೇರೊಂದು ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದವಳೂ ಅವಳೇ. ಮೂರು ಗಂಟೆಗೆ ತಾನು ಹೊರಟಾಗ ಅಪ್ಪ ಚೆನ್ನಾಗಿದ್ದರು ಎಂದು ಅವಳು ಹೇಳಿದ್ದಳು. ಐದಕ್ಕೆ ಉಪಸಂಪಾದಕ ಬಾಗಿಲು ತೆರೆದಾಗ ಅವರು ಕುರ್ಚಿಯಲ್ಲಿ ಕೂತಂತೆಯೇ ತಣ್ಣಗಾಗಿದ್ದರು.

ಸಾಲದ್ದಕ್ಕೆ ಮಗಳ ಬಗ್ಗೆ ಉಪಸಂಪಾದಕನ ಲೇಖನವೂ ಸಿದ್ಧವಾಗಿತ್ತು. 'ಮನೆಯೊಳಗಿನ ಬಿರುಕು.' ಅದೂ ನಾಲ್ಕು ಗಂಟೆಗೇ ಪ್ರಕಟವಾಗುವುದಿತ್ತು.

"ಆ ಹೊತ್ತಲ್ಲಿ ಇನ್ನೊಬ್ಬರು ಇಲ್ಲಿದ್ದರು ಅಂತ ತೋರಿಸಿದರೆ ಲೇಖನ ತಡೀತೀನಿ ಅಂತ ಮಾತು ಕೊಟ್ಟಿದ್ದೀರಿ," ಎಂದಳು ಚಿಕ್ಕಮ್ಮ.

"ಕೊಟ್ಟಿದ್ದೀನಿ. ಮಾತು ತಪ್ಪಲ್ಲ. ಆದರೆ ನನಗೆ ವಾಕ್ಯ ಕಟ್ಟೋಕೆ ಕಲಿಸಿದವರು ಅವರು. ಅವರ ಸಾವಿನ ಬಗ್ಗೆ ಬೇಕಂತಲೇ ಸುಳ್ಳು ಬರೀಬೇಕು ಅಂದ್ರೆ ಕೈ ಏಳಲ್ಲ."

"ನಾನು ಹೇಳ್ತೀನಿ, ನೀವು ಒತ್ತಿ."

ಅವಳು ಹೇಳಿದಳು, ಅವನು ಒತ್ತಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಚಿಕ್ಕಮ್ಮನ ಮಾತನ್ನು ಇನ್ನೊಬ್ಬರು ಟೈಪ್ ಮಾಡಿದರು. ಶ್ರದ್ಧಾಂಜಲಿಯ ಕೊನೆಗೆ ಎರಡು ವಾಕ್ಯ ಸೇರಿತು. 'ಲೇಖನಿ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಅವರು ಕೊನೆಯುಸಿರೆಳೆದರು. ಆಗ ಅವರ ಬಳಿ ಯಾರೂ ಇರಲಿಲ್ಲ.'

ಪೊಲೀಸರ ಪಟ್ಟಿಯಲ್ಲಿ ಲೇಖನಿ ಇರಲಿಲ್ಲ. ಅವಳು ಒಡ್ಡಿದ ಆಮಿಷ ಅಷ್ಟೇ. ಉಳಿದದ್ದನ್ನೆಲ್ಲ ಅವಳು ನಿಜವೆಂದೇ ನಂಬಿದ್ದಳು.

"ಯಾರು ತಿದ್ತಾರೆ ಅಂತ ನಿಮ್ಮ ಅಂದಾಜು?" ಎಂದು ಉಪಸಂಪಾದಕ ಕೇಳಿದ.

"ಕೊಂದವರೋ, ಕೊಂದದ್ದನ್ನ ಕಂಡವರೋ. ದೆವ್ವ ಆದ್ರೆ ಇನ್ನೂ ಒಳ್ಳೇದು, ಅದಕ್ಕೆ ಠಾಣೆ ಭಯ ಇರಲ್ಲ."

ಅವನು ನಗಲಿಲ್ಲ. ಆ ಕಚೇರಿಯಲ್ಲಿ ಒಂಬತ್ತು ದಿನದಿಂದ ಯಾರೂ ನಕ್ಕಿರಲಿಲ್ಲ. ಸಂಪಾದಕರ ಕೋಣೆಗೆ ಪೊಲೀಸರು ಮೊಹರು ಹಾಕಿದ್ದರು, ಆದರೂ ಅದರ ಮುಂದೆ ಹಾದುಹೋಗುವಾಗ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಅವರ ಛತ್ರಿ ಇನ್ನೂ ಕಚೇರಿಯ ಮುಂಬಾಗಿಲ ಹಿಂದೆ ನೇತಾಡುತ್ತಿತ್ತು. ಗೋಡೆಯ ಮೇಲೆ ಅವರ ಕೈಬರಹದ ಫಲಕ: 'ಬದಲಿಸುವುದಕ್ಕೆ ಕಾರಣ ಬೇಕು, ಉಳಿಸುವುದಕ್ಕೆ ಬೇಡ.' ಅದನ್ನು ತೆಗೆಯಲು ಯಾರಿಗೂ ಕಾರಣ ಸಿಕ್ಕಿರಲಿಲ್ಲ.

ಹಳೆಯ ಬೀದಿಗಳ ಹೆಸರು, ಹಳೆಯ ಗ್ರಂಥಾಲಯ, ಹಳೆಯ ಕಾನೂನು, ಹಳೆಯ ಮರ್ಯಾದೆ, ಇವೆಲ್ಲದರ ಪರವಾಗಿ ಸಂಪಾದಕರು ವಾರಕ್ಕೆ ನಾಲ್ಕು ಲೇಖನ ಹಾಕುತ್ತಿದ್ದರು. ಓದುಗರಲ್ಲಿ ಅರ್ಧ ಜನ ಒಪ್ಪಲು ಓದಿದರೆ ಇನ್ನರ್ಧ ಜನ ಬೈಯಲು ಓದುತ್ತಿದ್ದರು. ಬೈಯುವವರು ಒಂದು ಸಂಚಿಕೆಯನ್ನೂ ತಪ್ಪಿಸುತ್ತಿರಲಿಲ್ಲ. ಒಮ್ಮೆ ಪ್ರಕಟವಾದದ್ದನ್ನು 'ನೆಲಗಟ್ಟು' ಅಳಿಸುತ್ತಿರಲಿಲ್ಲ. ತಪ್ಪಾದರೆ ಗೆರೆ ಎಳೆದು, ತಪ್ಪೂ ಕಾಣುವಂತೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ಅಳಿಸುವುದು ಪುಕ್ಕಲರ ಕೆಲಸ ಎಂದು ಭಾವ ಊಟದ ಮೇಜಿನಲ್ಲೂ ಹೇಳುತ್ತಿದ್ದರು.

ಚಿಕ್ಕಮ್ಮ ಜಾಲತಾಣದವನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ಪತ್ರಿಕೆಯ ತಾಂತ್ರಿಕ ಕೆಲಸವೆಲ್ಲ ಅವನದು. ಬಂದು ಎಂಟು ತಿಂಗಳಾಗಿತ್ತಷ್ಟೇ. ಮೊಹರು ಹಾಕಿದ ಬಾಗಿಲಿಗೆ ಬೆನ್ನು ಮಾಡಲಾಗದೆ ಅವನು ತನ್ನ ಮೇಜನ್ನೇ ತಿರುಗಿಸಿಕೊಂಡಿದ್ದ.

ಅವನ ಪರದೆಯ ಮೂಲೆಯಲ್ಲಿ ನಾಲ್ವರ ಪಟ್ಟಿ ಇತ್ತು. ಯಾರು ಒಳಗೆ ಬಂದು ಕೆಲಸ ಮಾಡುತ್ತಿದ್ದಾರೋ ಅವರ ಮುಂದೆ ಹಸಿರು ಚುಕ್ಕೆ ಹೊತ್ತಿಕೊಳ್ಳುತ್ತದೆ. ಸಂಪಾದಕರ ಮುಂದಿನ ಚುಕ್ಕೆ ಬೂದಿಬಣ್ಣವಾಗಿತ್ತು.

"ಅವರ ಪಾಸ್‌ವರ್ಡ್ ಬದಲಾಯಿಸಬಹುದಿತ್ತಲ್ಲಪ್ಪ?"

"ಹನ್ನೊಂದು ವರ್ಷದಿಂದ ಒಂದೇ ಪಾಸ್‌ವರ್ಡ್, ಚಿಕ್ಕಮ್ಮ. ನಾನು ಬಂದ ವಾರವೇ ಬದಲಾಯಿಸಿ ಸರ್ ಅಂದೆ. ಆ ಫಲಕ ತೋರಿಸಿದ್ರು." ಅವನು ಬೂದಿಬಣ್ಣದ ಚುಕ್ಕೆಯತ್ತ ನೋಡಿದ. "ಈಗ ಬದಲಾಯಿಸೋಕೆ ನನಗೇ ಧೈರ್ಯ ಇಲ್ಲ. ಅವರು ಒಳಗೆ ಬರೋಕಾಗದೆ ಬಾಗಿಲು ತಟ್ಟಿದ್ರೆ?"

"ತಟ್ಟಿದ್ರೆ ನಾನು ತೆಗೀತೀನಿ ಬಿಡು."

ಹಾಗೆ ಹೇಳಿದಳೇ ಹೊರತು ಅವಳ ಎದೆಯೂ ಹಗುರಾಗಿರಲಿಲ್ಲ. ನಿನ್ನೆ ಆ ಬೂದು ಕೋಟಿನ ಸಾಲು ಓದಿದಾಗ ಭಾವನ ದನಿಯೇ ಕೇಳಿಸಿದಂತಾಗಿ ಅವಳು ತಿರುಗಿ ನೋಡಿದ್ದಳು. ಇಪ್ಪತ್ತೈದು ವರ್ಷ ಅವಳು ಅವರ ಜತೆ ಜಗಳವಾಡಿದ್ದಳು. ಚುನಾವಣೆ, ಶಾಲೆ, ಮಗಳ ಮದುವೆ, ಯಾವುದರಲ್ಲೂ ಇಬ್ಬರಿಗೂ ಒಮ್ಮತವಿರಲಿಲ್ಲ. ಈಗ ಜಗಳಕ್ಕೆ ಜನವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಗೋಡೆಯ ಗಡಿಯಾರ ಮೂರು ತೋರಿಸಿತು. ಮೂರೂ ಐದು. ಉಪಸಂಪಾದಕ ತನ್ನ ಮೇಜಿನಿಂದ ಯಾವನೋ ಅಂಕಣಕಾರನ ಜತೆ ಫೋನಿನಲ್ಲಿ ಮಾತಾಡುತ್ತಿದ್ದ. ಆಚೆ ಗಾಜಿನ ಗೋಡೆಯ ಹಿಂದೆ, ಕರಡು ತಿದ್ದುವ ಕೋಣೆಯಲ್ಲಿ, ಕೆಂಪುಶಾಯಿ ಬಗ್ಗಿ ಕೂತಿದ್ದಳು. ಪತ್ರಿಕೆ ಅಂತರ್ಜಾಲದ್ದಾದರೂ ಪ್ರತಿ ಲೇಖನವನ್ನೂ ಕಾಗದದ ಮೇಲೆ ಅಚ್ಚು ಹಾಕಿಸಿ ಕೆಂಪು ಶಾಯಿಯಲ್ಲಿ ತಿದ್ದುವ ಅರವತ್ತರ ಹೆಂಗಸು. ಕಚೇರಿಯವರು ಇಟ್ಟ ಆ ಹೆಸರನ್ನು ಅವಳು ಬಿರುದೆಂದೇ ಸ್ವೀಕರಿಸಿದ್ದಳು. ಸಂಪಾದಕರು ಸತ್ತ ದಿನ ಹಲ್ಲುನೋವೆಂದು ದಂತವೈದ್ಯರ ಬಳಿ ಹೋಗಿದ್ದೆ ಎಂದು ಅವಳ ಹೇಳಿಕೆಯಲ್ಲಿತ್ತು.

ಮೂರೂ ಹನ್ನೆರಡಕ್ಕೆ ಸಂಪಾದಕರ ಚುಕ್ಕೆ ಹಸಿರಾಯಿತು.

ಜಾಲತಾಣದವನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಮೊಹರು ಹಾಕಿದ ಕೋಣೆಯ ಒಳಗಿನಿಂದ ಮರ ಕಿರುಗುಟ್ಟಿದಂತಾಯಿತು. ಬಿಸಿಲಿಗೆ ಕಿಟಕಿಯ ಚೌಕಟ್ಟು ಹಿಗ್ಗಿರಬಹುದು.

"ಬಂದ್ರು," ಎಂದ ಅವನು, ಬಹಳ ಮೆಲ್ಲಗೆ.

ಶ್ರದ್ಧಾಂಜಲಿಯ ಕೊನೆಯ ಎರಡು ವಾಕ್ಯಗಳ ಮೇಲೆ ಗೆರೆ ಬಿತ್ತು. ಪಕ್ಕದಲ್ಲಿ ಹೊಸ ಸಾಲುಗಳು ಮೂಡಿದವು.

'ಲೇಖನಿ ಇರಲಿಲ್ಲ. ಕಿಟಕಿಯ ಬಳಿ ನಿಂತಿದ್ದರು. ಕುರ್ಚಿಯಲ್ಲಿ ಕೂರಿಸಿದ್ದು ಆಮೇಲೆ. ಆಗ ಅವರ ಬಳಿ ಇಬ್ಬರಿದ್ದರು.'

ಚಿಕ್ಕಮ್ಮ ಅದನ್ನು ಎರಡು ಸಲ ಓದಿದಳು. ಒಂದು ಮೀನಿಗೆ ಗಾಳ ಹಾಕಿದರೆ ಕೊಳವೇ ಮೇಲೆದ್ದು ಬಂದಿತ್ತು. ಆಮೇಲೆ ಅವಳು ಪರದೆ ಬಿಟ್ಟು ಜನರನ್ನು ನೋಡಿದಳು. ಜಾಲತಾಣದವನ ಎರಡೂ ಕೈ ತೊಡೆಯ ಮೇಲಿದ್ದವು. ಉಪಸಂಪಾದಕನ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈ ತಲೆ ಕೆರೆಯುತ್ತಿತ್ತು. ಗಾಜಿನ ಹಿಂದೆ ಕೆಂಪುಶಾಯಿ ಕೆಂಪು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು, ತನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಚಿಕ್ಕಮ್ಮ ಎದ್ದು ಗಾಜಿನ ಬಾಗಿಲು ತಳ್ಳಿದಳು.

ಕೆಂಪುಶಾಯಿ ಮೊಬೈಲನ್ನು ಬಚ್ಚಿಡಲಿಲ್ಲ. ಮೇಜಿನ ಮೇಲೆ ನೆಟ್ಟಗೆ ಇಟ್ಟಳು.

"ಆ ಲೇಖನಿ ವಾಕ್ಯ ನಿಮ್ಮದು ಅಂತ ಗೊತ್ತಾಯ್ತು," ಎಂದಳು. "ಉಪಸಂಪಾದಕರು ಅಷ್ಟು ಚಿಕ್ಕ ವಾಕ್ಯ ಬರೆಯಲ್ಲ."

"ಗೊತ್ತಾದ ಮೇಲೂ ತಿದ್ದಿದ್ರಿ?"

"ತಪ್ಪು ಇತ್ತಲ್ಲ."

ಚಿಕ್ಕಮ್ಮ ಎದುರು ಕೂತಳು. ಒಂದು ಕ್ಷಣ ಅವಳಿಗೆ ಅಳು ಬರುವಂತಾಯಿತು. ಭಾವ ಇನ್ನೂ ಎಲ್ಲೋ ಇದ್ದಾರೆ ಎಂದು ತನ್ನ ಒಳಮನಸ್ಸು ನಾಲ್ಕು ದಿನದಿಂದ ಆಸೆ ಪಟ್ಟಿತ್ತೆಂದು ಅವಳಿಗೆ ಆಗಲೇ ತಿಳಿದದ್ದು.

"ಪಾಸ್‌ವರ್ಡ್?"

"ಅವರೇ ಕೊಟ್ಟಿದ್ರು. ಅವರಿಗೆ ಅದು ನೆನಪಿರ್ತಿರಲಿಲ್ಲ, ದಿನಾ ನನ್ನನ್ನೇ ಕೇಳ್ತಿದ್ರು. ನನ್ನ ಹೆಸರಲ್ಲಿ ತಿದ್ದಿದ್ರೆ ನೀವೆಲ್ಲ ಪ್ರಶ್ನೆ ಕೇಳ್ತೀರಿ ಅಂತ ಅವರ ಹೆಸರಲ್ಲಿ ತಿದ್ದಿದೆ. ಅವರು ಇದ್ದಿದ್ರೂ ತಿದ್ದುತ್ತಿದ್ರು."

"ಆವತ್ತು ದಂತವೈದ್ಯರ ಹತ್ರ ಹೋಗಿದ್ದೆ ಅಂತ ಪೊಲೀಸರಿಗೆ ಹೇಳಿದ್ರಿ."

"ಹೋಗಿದ್ದೆ. ಎರಡು ಗಂಟೆಗೆ. ಎರಡೂವರೆಗೆ ಮುಗೀತು. ಎಷ್ಟು ಹೊತ್ತಿಗೆ ಮುಗೀತು ಅಂತ ಅವರು ಕೇಳಲಿಲ್ಲ."

"ನೀವೂ ಹೇಳಲಿಲ್ಲ."

"ನಾನು ಬರೆಯೋಳಲ್ಲ, ಚಿಕ್ಕಮ್ಮ. ತಿದ್ದೋಳು. ಯಾರಾದ್ರೂ ತಪ್ಪು ಹೇಳಿದ್ರೆ ಅದನ್ನ ಸರಿ ಮಾಡ್ತೀನಿ. ಖಾಲಿ ಬಿಟ್ಟಿದ್ದನ್ನ ತುಂಬೋದು ನನ್ನ ಕೆಲಸ ಅಲ್ಲ."

ಇಂಥ ಸಾಕ್ಷಿಗಳನ್ನು ಚಿಕ್ಕಮ್ಮ ಕಂಡಿದ್ದಳು. ಒಂದು ಸುಳ್ಳೂ ಹೇಳದೆ ನಿಜವನ್ನು ಹೂತುಬಿಡುವವರು. ಅವರಿಗೆ ಪ್ರಶ್ನೆಯನ್ನು ಅಳೆದು ಕೇಳಬೇಕು, ಒಂದು ನೂಲು ಹೆಚ್ಚಾದರೂ ಬಾಯಿ ಮುಚ್ಚುತ್ತಾರೆ.

"ನೀವು ಬಂದಾಗ ಅವರು ಏನು ಮಾಡ್ತಿದ್ರು?"

"ಕಿಟಕಿ ಹತ್ರ ನಿಂತಿದ್ರು. ಕೆಳಗಿನ ಬೀದಿ ನೋಡ್ತಾ ಏನೋ ಹೇಳ್ತಿದ್ರು. 'ನಾನು ಇಷ್ಟು ವರ್ಷ ತಿಳ್ಕೊಂಡಿದ್ದು' ಅಂದ್ರು. ಅಷ್ಟರಲ್ಲಿ ಬಿದ್ರು." ಕೆಂಪುಶಾಯಿ ಪೆನ್ನಿನ ಮುಚ್ಚಳವನ್ನು ಒಂದು ಸುತ್ತು ತಿರುಗಿಸಿದಳು. "ಅವರು ವಾಕ್ಯ ಅರ್ಧಕ್ಕೆ ಬಿಟ್ಟಿದ್ದು ಅದೊಂದೇ ಸಲ. ನಾನು ದಿನಾ ಅದನ್ನ ಮುಗಿಸೋಕೆ ನೋಡ್ತೀನಿ. ಯಾವ ಕ್ರಿಯಾಪದ ಹಾಕಿದ್ರೂ ಕೂರಲ್ಲ."

"ವೈದ್ಯರನ್ನ ಕರೀಲಿಲ್ಲ?"

"ನಾಡಿ ನೋಡಿದೆ. ಮೂಗಿಗೆ ಕನ್ನಡಿ ಹಿಡಿದು ನೋಡಿದೆ. ಎರಡು ಸಲ ಖಾತ್ರಿ ಮಾಡಿಕೊಂಡೆ."

"ಕುರ್ಚಿಗೆ ಯಾಕೆ ಕೂರಿಸಿದ್ರಿ?"

"ಬೈಯೋ ಪತ್ರಿಕೆಗಳೆಲ್ಲ ನೆಲದ ಮೇಲೆ ಬಿದ್ದಿರೋ ಫೋಟೋ ಹಾಕೋರು. ಹನ್ನೊಂದು ವರ್ಷ ನೆಟ್ಟಗೆ ಕೂತು ಬರೆದವರು ಅವರು."

ಚಿಕ್ಕಮ್ಮ ಅವಳ ಕೈ ನೋಡಿದಳು. ಕಡ್ಡಿಯಂಥ ಮಣಿಕಟ್ಟು, ಬೆರಳ ತುದಿಯಲ್ಲಿ ಕೆಂಪು ಕಲೆ. ಭಾವ ಆರಡಿ ಎತ್ತರ, ಎಮ್ಮೆಯಂಥ ಮೈ. ಅವರನ್ನು ಸೋಫಾದಿಂದ ಎಬ್ಬಿಸಲು ಎರಡು ಜತೆ ಕೈ ಬೇಕೆಂದು ಅಕ್ಕ ತಮಾಷೆ ಮಾಡುತ್ತಿದ್ದಳು.

"ನಿಮ್ಮೊಬ್ಬರಿಂದ ಎತ್ತೋಕೆ ಸಾಧ್ಯವಿಲ್ಲ."

"ಇಲ್ಲ."

"ಇಬ್ಬರಿದ್ದರು ಅಂತ ನೀವೇ ಬರೆದಿದ್ದೀರಿ."

"ಬರೆದಿದ್ದೀನಿ."

ಚಿಕ್ಕಮ್ಮನ ಮೈಯಲ್ಲಿ ನೆತ್ತರು ಹರಿದಂತಾಯಿತು. ಇನ್ನೊಬ್ಬರಿದ್ದರು. ಮಗಳು ಹೊರಟ ಮೇಲೆ ಈ ಕಚೇರಿಗೆ ಯಾರೋ ಬಂದಿದ್ದರು, ಲೋಟವಿದ್ದ ಕೋಣೆಯಲ್ಲಿ ನಿಂತಿದ್ದರು, ಹೆಣವನ್ನು ಎತ್ತಿ ಕೂರಿಸಿದ್ದರು. ಠಾಣೆಯ ಮೆಟ್ಟಿಲು ಹತ್ತುವ ಮೊದಲೇ ಮಗಳು ಹಿಂತಿರುಗಬಹುದು. ಚಿಕ್ಕಮ್ಮ ಬಾಗಿಲು ತೆರೆದು ಉಪಸಂಪಾದಕನನ್ನು ಕೂಗಿದಳು.

"ಪರದೆ ನೋಡಿದ್ರಾ? ಬರೆದವರು ಇವರು, ಒಪ್ಪಿಕೊಂಡಿದ್ದಾರೆ. ಆ ಹೊತ್ತಲ್ಲಿ ಇವರಲ್ಲದೆ ಇನ್ನೊಬ್ಬರೂ ಇಲ್ಲಿದ್ದರು."

ಉಪಸಂಪಾದಕ ಬಂದು ಬಾಗಿಲಲ್ಲಿ ನಿಂತ. ಕೆಂಪುಶಾಯಿಯ ಕಡೆ ತಿರುಗಿದ. "ನೀವು ಇಲ್ಲಿದ್ರಾ? ಐದು ಗಂಟೆಗೆ ನಾನು ಅವರನ್ನ ಮುಟ್ಟಿ ಕಿರುಚಿದಾಗ, ನಿಮಗೆ ಮೊದಲೇ ಗೊತ್ತಿತ್ತಾ?"

ಅವಳು ತಲೆ ತಗ್ಗಿಸಿದಳು.

"ಲೇಖನ ತಡೀತೀನಿ," ಎಂದ ಅವನು. "ಆ ಇನ್ನೊಬ್ಬರು ಯಾರು?"

ಕೆಂಪುಶಾಯಿ ಮೇಜಿನ ಮೇಲಿದ್ದ ಮೊಬೈಲನ್ನು ಬೋರಲು ಹಾಕಿದಳು.

"ಹೇಳಿ," ಎಂದಳು ಚಿಕ್ಕಮ್ಮ. "ಮೂರೂ ಮುಕ್ಕಾಲಾಗ್ತಾ ಬಂತು. ನನ್ನ ಮಗು ಠಾಣೆ ಹತ್ರ ನಿಂತಿದೆ."

"ಬಾಯಿಬಿಟ್ಟು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಬರೆಯೋಕೆ ಬರುತ್ತೆ, ಹೇಳೋಕೆ ಬರಲ್ವಾ? ಇದ್ಯಾವ ನ್ಯಾಯ?"

"ನಮ್ಮಲ್ಲಿ ಒಂದು ಪದ್ಧತಿ ಇದೆ, ಚಿಕ್ಕಮ್ಮ. ಒಬ್ಬರ ಮಾತಿನ ಮೇಲೆ ತಿದ್ದುಪಡಿ ಹಾಕೋ ಹಾಗಿಲ್ಲ. ಇಬ್ಬರು ಸಾಕ್ಷಿ ಬೇಕು. ಅವರೇ ಮಾಡಿದ ನಿಯಮ." ಕೆಂಪುಶಾಯಿ ಮೊದಲ ಸಲ ಚಿಕ್ಕಮ್ಮನ ಕಣ್ಣು ತಪ್ಪಿಸಿದಳು. "ತಿದ್ದುವಾಗ ಆ ಸಾಕ್ಷಿಗಳಿಗೆ ಎರಡು ಖಾನೆ ಬರುತ್ತೆ. ಓದುಗರಿಗೆ ಕಾಣಲ್ಲ. ತುಂಬದೆ ಇದ್ರೆ ಮುಂದೆ ಹೋಗಲ್ಲ."

"ನಾವೆಲ್ಲ ಅಲ್ಲಿ ಎರಡು ಚುಕ್ಕೆ ಒತ್ತಿ ಮುಂದೆ ಹೋಗ್ತೀವಿ," ಎಂದ ಜಾಲತಾಣದವನು, ಗಾಜಿನ ಆಚೆಯಿಂದ. ಅವನಿಗೆ ನಾಚಿಕೆಯಾಗಿತ್ತು. "ಎಂಟು ತಿಂಗಳಲ್ಲಿ ನಾನು ಅದನ್ನ ತೆರೆದೇ ನೋಡಿಲ್ಲ."

"ನಾನು ಚುಕ್ಕೆ ಒತ್ತಲ್ಲ," ಎಂದಳು ಕೆಂಪುಶಾಯಿ. "ಒಂದು ದಿನವೂ ಒತ್ತಿಲ್ಲ. ಹೇಳಲ್ಲ ಅಂತ ಮಾತು ಕೊಟ್ಟೆ, ನಿಜ. ಆದರೆ ಖಾನೆಯಲ್ಲಿ ಸುಳ್ಳು ತುಂಬ್ತೀನಿ ಅಂತ ಮಾತು ಕೊಟ್ಟಿರಲಿಲ್ಲ."

"ತೆಗಿಯಪ್ಪ," ಎಂದಳು ಚಿಕ್ಕಮ್ಮ.

ಅವನು ತೆಗೆದ. ಮೂವರೂ ಅವನ ಹಿಂದೆ ನಿಂತರು. ಮೊದಲ ತಿದ್ದುಪಡಿಯ ಖಾನೆ: 'ಸಂಪಾದಕರು ಹೇಳಿದ್ದು. ಮೊದಲ ಸಂಚಿಕೆಯ ಮುನ್ನುಡಿ.' ಎರಡನೆಯದು: 'ಕಣ್ಣಾರೆ ಕಂಡದ್ದು. ಒಗೆಯುವ ಅಂಗಡಿಯ ಚೀಟಿ.' ಇಷ್ಟು ಅಚ್ಚುಕಟ್ಟಾಗಿ ಹೇಳಿಕೆ ಕೊಟ್ಟ ಒಬ್ಬ ಸಾಕ್ಷಿಯನ್ನೂ ಚಿಕ್ಕಮ್ಮ ಮೂವತ್ತು ವರ್ಷದಲ್ಲಿ ಕಂಡಿರಲಿಲ್ಲ. ಮೂರನೆಯದು ತೆರೆಯಿತು.

'ಒಂದನೆಯ ಸಾಕ್ಷಿ: ತಿದ್ದಿದವಳು. ಎರಡನೆಯ ಸಾಕ್ಷಿ: ಸಂಪಾದಕರ ಮಗಳು.'

ಉಪಸಂಪಾದಕ ಗಡಿಯಾರ ನೋಡಿದ, ಆಮೇಲೆ ಚಿಕ್ಕಮ್ಮನನ್ನು ನೋಡಿದ. ಅವನ ನೋಟದಲ್ಲಿ ಗೆದ್ದ ಸಂತೋಷವಿರಲಿಲ್ಲ, ಕನಿಕರವಿತ್ತು. ಅದನ್ನು ತಡೆದುಕೊಳ್ಳುವುದು ಅವಳಿಗೆ ಇನ್ನೂ ಕಷ್ಟವಾಯಿತು.

ಅವಳೇ ಹೇಳಿ ಬರೆಸಿದ ವಾಕ್ಯ. ಅವಳೇ ಒಡ್ಡಿದ ಗಾಳ. 'ನೆಲಗಟ್ಟು' ಏನನ್ನೂ ಅಳಿಸುವುದಿಲ್ಲ.

ಕೈಚೀಲದಲ್ಲಿ ಅವಳ ಫೋನು ಅದುರಿತು. ಅವಳು ಗೋಡೆಯ ಕಡೆ ತಿರುಗಿ ಕಿವಿಗೆ ಹಿಡಿದಳು. ಹಿನ್ನೆಲೆಯಲ್ಲಿ ಬಸ್ಸಿನ ಸದ್ದು, ಬೀದಿಯ ಸದ್ದು.

"ಚಿಕ್ಕಮ್ಮ, ಠಾಣೆ ಎದುರಿಗೇ ಇದ್ದೀನಿ," ಎಂದಳು ಮಗಳು. "ಏನಾದ್ರೂ ಸಿಕ್ತಾ? ಒಳಗೆ ಹೋಗ್ಲಾ?"

"ಒಂದು ನಿಮಿಷ ತಡಿ ಪುಟ್ಟಿ. ಆವತ್ತು ನೀನು ಎಷ್ಟು ಗಂಟೆಗೆ ಹೊರಟೆ?"

"ಮೂರಕ್ಕೆ. ಹೇಳಿದ್ನಲ್ಲ."

"ಅಪ್ಪ ಹೇಗಿದ್ರು?"

"ಚೆನ್ನಾಗಿದ್ರು. ಕುರ್ಚೀಲಿ ಕೂತಿದ್ರು. ಯಾಕೆ?"

ಅವಳ ದನಿ ನಡುಗಲಿಲ್ಲ. ಚಿಕ್ಕವಳಿದ್ದಾಗ ಸುಳ್ಳು ಹೇಳಿದರೆ ಅವಳ ದನಿ ನಡುಗುತ್ತಿತ್ತು. ಚಿಕ್ಕಮ್ಮ ಗೋಡೆಗೆ ಕೈ ಆನಿಸಿ ನಿಂತಳು.

"ನಾನು ಆಫೀಸಲ್ಲಿದ್ದೀನಿ. ಕೆಂಪುಶಾಯಿ ಇಲ್ಲೇ ಇದ್ದಾರೆ."

ಆ ಕಡೆ ಮಾತು ನಿಂತಿತು. ಬಸ್ಸು ಹೊರಟುಹೋಯಿತು, ಇನ್ನೊಂದು ಬಂತು. ನ್ಯಾಯಾಲಯದಲ್ಲಿ ಸಾಕ್ಷಿ ಸುಮ್ಮನಾದಾಗ ಅವಳ ಬೆರಳುಗಳೂ ಸುಮ್ಮನಾಗುತ್ತಿದ್ದವು, ಆ ಮೌನ ಎಷ್ಟು ಉದ್ದವಿತ್ತೆಂದು ಯಾವ ಕಾಗದದಲ್ಲೂ ಉಳಿಯುತ್ತಿರಲಿಲ್ಲ. ಇದು ಮಾತ್ರ ತನ್ನ ಜೀವ ಇರುವವರೆಗೂ ಉಳಿಯುತ್ತದೆ ಎಂದು ಅವಳಿಗೆ ಅನ್ನಿಸಿತು.

"ಚಿಕ್ಕಮ್ಮ," ಎಂದಳು ಮಗಳು ಕೊನೆಗೆ. "ಅವರು ಎಷ್ಟು ಹೇಳಿದ್ರು?"